ಪಹಣಿಯಲ್ಲಿ ಅರಳದ ಸೇವಂತಿಗೆ

ರೈತ ಬಾಂಧವರಿಗೆ ನಮಸ್ಕಾರ. ಕೋವಿಡ್ ಕಾಲದಲ್ಲಿ ಸರ್ಕಾರ ಕೊಟ್ಟ ಪರಿಹಾರದ ಹಣ ಪಕ್ಕದ ಹೊಲದವನಿಗೆ ಬಂದಿತು, ನನಗೇಕೆ ಬರಲಿಲ್ಲ ಎಂದು ಹಳ್ಳಿಗೆ ಹೋದಾಗಲೆಲ್ಲ ನನ್ನನ್ನು ಈಗಲೂ ಕೇಳುವವರಿದ್ದಾರೆ. ಅವರಿಗೆ ನನ್ನದು ಒಂದೇ ಉತ್ತರ: ಬೆಳೆ ಹೊಲದಲ್ಲಿದ್ದರೆ ಸಾಲದು, ಜಮೀನಿನ ಒಡೆತನ, ಬೆಳೆಗಳ ವಿವರವಿರುವ ಪಹಣಿಯಂಥ ಸರ್ಕಾರಿ ದಾಖಲೆಯಲ್ಲಿಯೂ ಇರಬೇಕು.

ಮೊದಲು ಲೆಕ್ಕ ನೋಡೋಣ. 2020ರ ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ನೆರವನ್ನು ಪ್ರಕಟಿಸಿದಾಗ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಎಂದೂ, ಎಷ್ಟೇ ಜಮೀನಿದ್ದರೂ ಒಂದು ಹೆಕ್ಟೇರಿಗೆ ಮಾತ್ರ ಎಂದೂ ನಿಗದಿಯಾಯಿತು. ಅನಂತರ ಹಣ್ಣು, ತರಕಾರಿಗಳಿಗೆ ಹೆಕ್ಟೇರಿಗೆ 15,000, ಮೆಕ್ಕೆಜೋಳದ ರೈತರಿಗೆ ತಲಾ 5,000 ಸೇರಿದವು. ಎರಡನೆಯ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ಹೂವು, ಹಣ್ಣು, ತರಕಾರಿಗಳಿಗೆ ಹೆಕ್ಟೇರಿಗೆ 10,000 ಮಾತ್ರ. ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಹತ್ತು ಗುಂಟೆ ಹೂವಿಟ್ಟವನಿಗೆ ಮೊದಲ ಸಲ ಎರಡೂವರೆ ಸಾವಿರ, ಮರುವರ್ಷ ಒಂದು ಸಾವಿರ. ಆಳಿನ ಕೂಲಿಗೂ ಸಾಲದ ಹಣ, ಒಪ್ಪುತ್ತೇನೆ. ಆದರೆ ಅಷ್ಟನ್ನೂ ಕಳೆದುಕೊಂಡವರ ವಿಷಯ ಇಂದಿನದು.

ಚಿಕ್ಕಬಳ್ಳಾಪುರದ ಕಡೆ ನನ್ನ ದೊಡ್ಡಪ್ಪನ ಮಗನೊಬ್ಬನಿದ್ದಾನೆ. ವಯಸ್ಸಿನಲ್ಲಿ ನನಗಿಂತ ಹಿರಿಯ, ಮಾತು ಕೇಳುವವನಲ್ಲ. 2020ರಲ್ಲಿ ಯುಗಾದಿಯ ಮಾರುಕಟ್ಟೆಗೆಂದೇ ಅರ್ಧ ಎಕರೆಯಲ್ಲಿ ಸೇವಂತಿಗೆ ಇಟ್ಟಿದ್ದ. ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ದೇಶಕ್ಕೆಲ್ಲ ಬೀಗ ಬಿದ್ದದ್ದೂ ಅದೇ ದಿನ. ಹಬ್ಬ, ಮದುವೆ, ಜಾತ್ರೆ ಯಾವುದೂ ನಡೆಯಲಿಲ್ಲ. ಬಿಡಿಸಿದ ಹೂವನ್ನು ನಾಲ್ಕು ದಿನ ತಿಪ್ಪೆಗೆ ಸುರಿದು, ಐದನೆಯ ದಿನ ಅಣ್ಣ ಇಡೀ ತೋಟಕ್ಕೆ ರೋಟವೇಟರ್ ಹೊಡೆಸಿಬಿಟ್ಟ. ಪರಿಹಾರದ ಸುದ್ದಿ ಕೇಳಿ ವಿಚಾರಿಸಲು ಹೋದರೆ ದಾಖಲೆಯಲ್ಲಿ ಆ ಸರ್ವೆ ನಂಬರಿಗೆ ಇದ್ದದ್ದು ರಾಗಿ! ಹೇಗಾಯಿತೆಂದು ಕೆದಕಿದೆ. ಬೆಳೆ ಸಮೀಕ್ಷೆಗೆ ಮೊಬೈಲ್ ಹಿಡಿದು ಬಂದ ಹುಡುಗನನ್ನು ಇವನೇ ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟು, "ಬಿಸಿಲಲ್ಲಿ ಅಷ್ಟು ದೂರ ಯಾಕೆ ಬರ್ತೀಯ ಮಗಾ, ಹೋದ ಸಲ ಏನಿತ್ತೋ ಅದನ್ನೇ ಬರ್ಕೊ" ಎಂದಿದ್ದನಂತೆ. ಸ್ಥಳಕ್ಕೆ ಬಂದು ನೋಡಿರೆಂದು ಅಧಿಕಾರಿಗಳನ್ನು ಕರೆಯೋಣವೆಂದರೆ ತೋರಿಸಲು ಒಂದು ಗಿಡವೂ ಉಳಿದಿರಲಿಲ್ಲ. ಮೊಬೈಲಿನಲ್ಲಿ ಫೋಟೋ ಇದೆಯೇ ಎಂದೆ. ಮೊಮ್ಮಗನದು ನೂರಾರು ಇದ್ದವು, ಸೇವಂತಿಗೆಯದು ಒಂದೂ ಇರಲಿಲ್ಲ. ಐದು ಸಾವಿರ ರೂಪಾಯಿ ಒಂದು ಲೋಟ ಕಾಫಿಯಲ್ಲಿ ಹೋಯಿತು. ಅತ್ತಿಗೆ ಇಂದಿಗೂ ಅದನ್ನು ಐದು ಸಾವಿರದ ಕಾಫಿ ಎಂದೇ ಕರೆಯುತ್ತಾರೆ.

ಆದ್ದರಿಂದ ಮತ್ತೆ ಹೇಳುತ್ತೇನೆ, ಬೆಳೆ ದಾಖಲೆಯಲ್ಲಿರಬೇಕು. ಸಮೀಕ್ಷೆಗೆ ಬಂದವರನ್ನು ಬದುವಿನವರೆಗೆ ಕರೆದುಕೊಂಡು ಹೋಗಿ. 2020ರ ಮುಂಗಾರಿನಿಂದ ರೈತರು ತಾವೇ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಬೆಳೆಯ ಫೋಟೋ ತೆಗೆದು ಸೇರಿಸುವ ಅವಕಾಶವೂ ಬಂದಿದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಹತ್ತು ನಿಮಿಷದ ಕೆಲಸ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಪೌತಿ ಖಾತೆ ಮಾಡಿಸಿ, ಎಂದರೆ ಅದನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಫ್ರೂಟ್ಸ್ ಎಂಬ ಸರ್ಕಾರದ ರೈತ ನೋಂದಣಿ ತಂತ್ರಾಂಶದಲ್ಲಿ ನಿಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಗುತ್ತಿಗೆಗೆ ಉಳುವವರ ಕಷ್ಟ ಇನ್ನೂ ದೊಡ್ಡದು, ಅದಕ್ಕೆ ಬೇರೆಯದೇ ಭಾಷಣ ಬೇಕು. ಈ ವಾರ ಒಂದು ಪಹಣಿ ತೆಗೆಸಿ, 9ನೆಯ ಕಾಲಂನಲ್ಲಿ ಹೆಸರನ್ನೂ 12ನೆಯದರಲ್ಲಿ ಬೆಳೆಯನ್ನೂ ನೋಡಿಕೊಳ್ಳಿ. ಕನ್ನಡಕ ಹಾಕಿಕೊಂಡು ನೋಡಿ. ನಮಸ್ಕಾರ.