ತಂಗುವ ಬೀದಿಯನ್ನು ರಾತ್ರಿಯ ಕಣ್ಣಿನಿಂದ ನೋಡಿ

ಕೇಳುಗರಿಗೆ ನಮಸ್ಕಾರ. ಮಕ್ಕಳ ಕಾಲೇಜು ಪ್ರವೇಶಕ್ಕೆಂದೋ, ಮನೆಯವರ ಚಿಕಿತ್ಸೆಗೆಂದೋ, ಮದುವೆಯ ಜವಳಿಗೆಂದೋ ದಾವಣಗೆರೆಗೆ ಬರುವವರು ಲಾಡ್ಜ್ ಹುಡುಕುವಾಗ ಮೊದಲು ಬಾಡಿಗೆಯನ್ನು ಕೇಳುತ್ತಾರೆ, ಆಮೇಲೆ ಬಿಸಿನೀರಿನ ವಿಷಯ ಕೇಳುತ್ತಾರೆ. ಆ ಲಾಡ್ಜ್ ಇರುವ ಬೀದಿ ರಾತ್ರಿ ಹತ್ತರ ನಂತರ ಹೇಗಿರುತ್ತದೆ ಎಂದು ವಿಚಾರಿಸುವವರು ವಿರಳ. ಹೊಸ ಊರಿಗೆ ಬಂದವರಿಗೆ, ಅದರಲ್ಲೂ ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಮತ್ತು ವಯಸ್ಸಾದವರಿಗೆ, ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಹಗಲು ಹೊತ್ತು ಕಾಲಿಡಲು ಜಾಗವಿರುವುದಿಲ್ಲ. ಅಂಗಡಿಗಳ ಷಟರ್ ಇಳಿದ ಮೇಲೆ ಅದೇ ಓಣಿಗಳಲ್ಲಿ ದಾರಿ ಕೇಳಲು ಜನ ಸಿಗುವುದು ಕಷ್ಟ. ಆ ಪೇಟೆಗಳಲ್ಲಿ ದೋಷವಿದೆಯೆಂದಲ್ಲ, ಅವು ವ್ಯಾಪಾರದ ಬೀದಿಗಳು, ವ್ಯಾಪಾರದ ಹೊತ್ತಿಗಷ್ಟೇ ಎಚ್ಚರವಾಗಿರುತ್ತವೆ. ಊರಂಚಿನ ಹೊಸ ಬಡಾವಣೆಗಳಲ್ಲಿ ಬಾಡಿಗೆ ಕಡಿಮೆಯಿರಬಹುದು, ಗದ್ದಲವೂ ಇರಲಾರದು. ಆದರೆ ಖಾಲಿ ನಿವೇಶನಗಳ ನಡುವೆ, ದೂರ ದೂರಕ್ಕೊಂದರಂತೆ ಇರುವ ದೀಪದ ಕಂಬಗಳ ಕೆಳಗೆ, ಬೀದಿನಾಯಿಗಳನ್ನು ದಾಟಿಕೊಂಡು ಚೀಲ ಹೊತ್ತು ನಡೆಯುವುದು ಸುಲಭವಲ್ಲ. ಇವೆರಡಕ್ಕಿಂತ ದೊಡ್ಡ ಆಸ್ಪತ್ರೆಯ ಆಸುಪಾಸು ವಾಸಿ. ಬಾಪೂಜಿ ಆಸ್ಪತ್ರೆಯಂಥ ಕಡೆ ರೋಗಿಗಳ ಕಡೆಯವರು ಸರಿರಾತ್ರಿಯಲ್ಲೂ ಓಡಾಡುತ್ತಿರುತ್ತಾರೆ, ಔಷಧಿ ಅಂಗಡಿಯ ದೀಪ ಉರಿಯುತ್ತಿರುತ್ತದೆ, ಆಟೋ ಸಿಗುವ ಸಂಭವವೂ ಹೆಚ್ಚು. ಸದ್ದಿನಿಂದ ನಿದ್ದೆ ಸ್ವಲ್ಪ ಕೆಟ್ಟರೂ ಅಂಥ ಜಾಗವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಊರು ತಲುಪುವ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಹಲವು ರೈಲುಗಳು ಇಲ್ಲಿಗೆ ಬರುವುದು ನಡುರಾತ್ರಿ ಅಥವಾ ಬೆಳಗಿನ ಜಾವ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡುವ ಕೆಲವು ಬಸ್ಸುಗಳು ಊರೊಳಗೆ ಬಾರದೆ ಬೈಪಾಸಿನಲ್ಲೇ ಇಳಿಸಿ ಮುಂದೆ ಹೋಗುತ್ತವೆ. ಟಿಕೆಟ್ ಕಾಯ್ದಿರಿಸುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳಿ. ಬೆಳಗಿನ ಜಾವ ಇಳಿಯುವವರು ಬೆಳಕು ಹರಿಯುವವರೆಗೆ ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲಿಯೇ ಕುಳಿತಿರುವುದು ಒಳ್ಳೆಯದು.

ಕೊಠಡಿ ಗೊತ್ತುಮಾಡುವ ಮೊದಲು ಲಾಡ್ಜಿಗೆ ರಾತ್ರಿ ಹತ್ತರ ಮೇಲೊಮ್ಮೆ ಫೋನ್ ಮಾಡಿ ನೋಡಿ. ಯಾರಾದರೂ ಎತ್ತುತ್ತಾರೆಯೇ, ಮುಂಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ, ತಡವಾಗಿ ಬಂದರೆ ತೆಗೆಯುವವರು ಯಾರು ಎಂಬುದೆಲ್ಲ ಆ ಒಂದು ಕರೆಯಲ್ಲಿ ತಿಳಿದುಹೋಗುತ್ತದೆ. ಗುರುತಿನ ಚೀಟಿ ಕೇಳಿ, ದಾಖಲೆ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳುವವರ ಮೇಲೆ ಬೇಸರಪಡಬೇಡಿ. ಏನನ್ನೂ ಕೇಳದೆ ಕೀಲಿಕೈ ಕೊಡುವ ಕಡೆ ಉಳಿಯಬೇಡಿ. ಹಣ ಕೊಡುವ ಮೊದಲು ಕೊಠಡಿಯೊಳಗೆ ಹೋಗಿ ಒಳಚಿಲಕ ಹಾಕಿ, ಬಾಗಿಲನ್ನು ಜೋರಾಗಿ ಎಳೆದು ನೋಡಿ. ಚಿಲಕದ ತಿರುಪುಗಳು ಸಡಿಲವಾಗಿದ್ದರೆ, ಕಿಟಕಿ ಪಕ್ಕದ ಮನೆಯ ತಾರಸಿಗೆ ಕೈಗೆಟುಕುವಂತಿದ್ದರೆ, ಬೇರೆ ಕೊಠಡಿ ಕೇಳಿ. ಕೊಡದಿದ್ದರೆ, ಮುಂಗಡ ಹೋದರೂ ಸರಿ, ಬೆಳಕಿರುವಾಗಲೇ ಬೇರೆ ಕಡೆ ನೋಡಿಕೊಳ್ಳಿ.

ಲಾಡ್ಜಿನ ಹೆಸರು, ರಸ್ತೆ, ಹತ್ತಿರದ ವೃತ್ತ ಇಷ್ಟನ್ನು ಮನೆಯವರಿಗೆ ತಿಳಿಸಿ, ಒಂದು ಚೀಟಿಯಲ್ಲೂ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ತುರ್ತು ಸಹಾಯಕ್ಕೆ 112ಕ್ಕೆ ಕರೆ ಮಾಡಿದಾಗ ಅವರು ಮೊದಲು ಕೇಳುವುದು ನೀವಿರುವ ಜಾಗವನ್ನೇ.