ಊರು ಆಮೇಲೆ, ವಾರ ಮೊದಲು

ನಮಸ್ಕಾರ. ನವೆಂಬರ್ ಹೊತ್ತಿಗೆ ಸರ್ಕಾರದ ರಜಾ ಪಟ್ಟಿ ಹೊರಬಿತ್ತು ಅಂದ್ರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಬಣ್ಣಬಣ್ಣದ ಚಿತ್ರವೊಂದು ಸುತ್ತೋಕೆ ಶುರು. ಮುಂದಿನ ವರ್ಷ ಇಷ್ಟು ಲಾಂಗ್ ವೀಕೆಂಡ್, ಇಲ್ಲೊಂದು ಲೀವ್ ಹಾಕಿ, ಅಲ್ಲೊಂದು ಹಾಕಿ ಅಂತ. ಅದನ್ನ ನೋಡಿದವರು ಮೊದಲು ಊರಿನ ಹೆಸರು ಹೇಳ್ತಾರೆ: ಹೈದರಾಬಾದ್‌ಗೆ ಹೋಗೋಣ, ಕೊಚ್ಚಿಗೆ ಹೋಗೋಣ. ದಿನ ಹುಡುಕೋದು ಆಮೇಲೆ. ಎಡವೋದು ಇಲ್ಲೇ. ರಜೆ ವಾರದ ಯಾವ ದಿನ ಬಿದ್ದಿದೆ ಅಂತ ಮೊದಲು ನೋಡಿ, ಆ ದಿನಕ್ಕೆ ಒಗ್ಗುವ ಊರಿಗೆ ಟಿಕೆಟ್ ಮಾಡ್ಸಿ. ಇವತ್ತಿನ ನನ್ನ ವಾದ ಇಷ್ಟೇ.

ಆ ಚಿತ್ರ ಮಾಡಿರೋದು ವಾರಕ್ಕೆ ಐದೇ ದಿನ ಕೆಲಸ ಇರೋರಿಗೆ. ಸರ್ಕಾರಿ ಕಚೇರಿಯವರಿಗೆ, ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ರಜೆ. ರಾಜ್ಯ ಸರ್ಕಾರ 2019ರಲ್ಲಿ ನಾಲ್ಕನೇ ಶನಿವಾರ ಬಿಡುವು ಕೊಟ್ಟಾಗ ನೌಕರರ ವರ್ಷದ ಸಿಎಲ್ (ಸಾಂದರ್ಭಿಕ ರಜೆ) ಅನ್ನು 15ರಿಂದ 10ಕ್ಕೆ ಇಳಿಸ್ತು. ಬಿಟ್ಟಿ ಸಿಕ್ಕಿದ್ದೇನಲ್ಲ. ಗಂಡ ಐಟಿ ಕಂಪನಿ, ಹೆಂಡತಿ ಬ್ಯಾಂಕು ಅನ್ನೋ ಮನೆಗಳು ಬೆಂಗಳೂರಲ್ಲಿ ಎಷ್ಟಿಲ್ಲ! ಅಂಥ ಮನೆಯಲ್ಲಿ ಶನಿವಾರ ಎಷ್ಟನೆಯದು ಅನ್ನೋದೇ ಎಲ್ಲವನ್ನೂ ತೀರ್ಮಾನ ಮಾಡುತ್ತೆ.

2026ರ ಕ್ಯಾಲೆಂಡರ್ ಎದುರಿಗಿಟ್ಕೊಳ್ಳಿ. ಗಣೇಶ ಚತುರ್ಥಿ ಸೆಪ್ಟೆಂಬರ್ 14, ಸೋಮವಾರ. ಅದರ ಹಿಂದಿನ ಶನಿವಾರ 12ನೇ ತಾರೀಖು, ಎರಡನೇ ಶನಿವಾರ. ಇಬ್ಬರಿಗೂ ಮೂರು ದಿನ, ಒಂದೂ ಲೀವ್ ಬೇಡ. ಗಾಂಧಿ ಜಯಂತಿ ಅಕ್ಟೋಬರ್ 2, ಶುಕ್ರವಾರ. ನೋಡೋಕೆ ಅದೂ ಮೂರು ದಿನವೇ, ಆದರೆ ಮರುದಿನ ಮೊದಲನೇ ಶನಿವಾರ. ಬ್ಯಾಂಕಿನವರು ಒಂದು ಸಿಎಲ್ ಕಳ್ಕೋಬೇಕು. ಕ್ರಿಸ್‌ಮಸ್ ಶುಕ್ರವಾರ, 26ನೇ ತಾರೀಖು ನಾಲ್ಕನೇ ಶನಿವಾರ. ಮತ್ತೆ ಎಲ್ಲರಿಗೂ ಮೂರು ದಿನ. ರಾಜ್ಯೋತ್ಸವ ಭಾನುವಾರ ಬಿದ್ದಿದೆ, ಅದನ್ನ ಮರೆತುಬಿಡಿ. 2027ರಲ್ಲಿ ಅದೇ ಸೋಮವಾರಕ್ಕೆ ಬರುತ್ತೆ. ಇಂಗ್ಲಿಷ್ ತಾರೀಖಿನ ರಜೆಗಳು ವರ್ಷಕ್ಕೊಂದು ದಿನ ಮುಂದೆ ಸರೀತವೆ, ಅಧಿಕ ವರ್ಷದಲ್ಲಿ ಫೆಬ್ರವರಿ ದಾಟಿದ ಮೇಲಿನವು ಎರಡು ದಿನ. ಹಬ್ಬಗಳಿಗೆ ಈ ಲೆಕ್ಕ ನಡೆಯಲ್ಲ, ಪಂಚಾಂಗವನ್ನೇ ನೋಡಬೇಕು.

ನಡುವೆ ಒಂದು ಲೀವ್ ಸೇರಿಸೋದಾದ್ರೆ ಎಚ್‌ಆರ್‌ ಹತ್ತಿರ ಸ್ಯಾಂಡ್‌ವಿಚ್ ನಿಯಮ ಇದೆಯಾ ಅಂತ ಕೇಳಿಕೊಳ್ಳಿ. ಕೆಲವು ಕಂಪನಿಗಳಲ್ಲಿ ಶುಕ್ರವಾರ, ಸೋಮವಾರ ಎರಡೂ ಲೀವ್ ಹಾಕಿದ್ರೆ ನಡುವಿನ ಶನಿವಾರ ಭಾನುವಾರವನ್ನೂ ನಿಮ್ಮ ಖಾತೆಗೇ ಬರೀತಾರೆ. ಎರಡು ದಿನ ಅಂದ್ಕೊಂಡಿದ್ದು ನಾಲ್ಕಾಗಿಬಿಡುತ್ತೆ.

ಈಗ ಊರಿನ ವಿಷಯ. ಬೆಟ್ಟ, ಘಾಟಿ, ಹೋಂಸ್ಟೇ ನನ್ನ ಲೆಕ್ಕದಲ್ಲಿಲ್ಲ. ಮೂರು ದಿನದ ರಜೆಗೆ ಅರ್ಧ ಬೆಂಗಳೂರು ಚಿಕ್ಕಮಗಳೂರು, ಮಡಿಕೇರಿ ದಾರಿ ಹಿಡಿದಿರುತ್ತೆ. ನಗರಕ್ಕೆ ಹೋದ್ರೆ ಎಷ್ಟೇ ಜನ ಬಂದ್ರೂ ಹೋಟೆಲು, ಬಸ್ಸು, ಮೆಟ್ರೊ ತಡ್ಕೊಳ್ಳುತ್ತೆ. ಆದರೆ ನಗರಕ್ಕೂ ವಾರದ ಬಾಗಿಲು ಅಂತ ಒಂದಿರುತ್ತೆ. ಇದನ್ನ ಯಾರೂ ನೋಡಲ್ಲ.

ಹೈದರಾಬಾದನ್ನೇ ತಗೊಳ್ಳಿ. ಸಾಲಾರ್ ಜಂಗ್ ಮ್ಯೂಸಿಯಂ ಶುಕ್ರವಾರ ರಜೆ. ಚೌಮಹಲ್ಲಾ ಅರಮನೆಯೂ ಶುಕ್ರವಾರವೇ ರಜೆ. ಅಕ್ಟೋಬರ್ 2ಕ್ಕೆ ಅಲ್ಲಿಗೆ ಹೋದವರು ಗುರುವಾರ ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಇಳಿದು, ಸ್ನಾನ ತಿಂಡಿ ಮುಗಿಸಿ ಹೋದ್ರೆ ಎರಡು ಕಡೆಯೂ ಬೀಗ. ಮೇಲೆ ಗಾಂಧಿ ಜಯಂತಿ ದೇಶಕ್ಕೇ ಡ್ರೈ ಡೇ. ಸಂಜೆಗೆ ಬೇರೆ ಯೋಜನೆ ಇದ್ದವರಿಗೆ ಅದೂ ಇಲ್ಲ. ಇದೇ ಊರಿಗೆ ಸೋಮವಾರದ ರಜೆಯಲ್ಲಿ ಹೋಗಿ, ಕಥೆಯೇ ಬೇರೆ. ಶನಿವಾರ ಸಾಲಾರ್ ಜಂಗ್, ಭಾನುವಾರ ಬೆಳಿಗ್ಗೆ ಬಿಸಿಲೇರೋ ಮೊದಲು ಗೋಲ್ಕೊಂಡ, ಸೋಮವಾರ ಹಳೇ ಪೇಟೆ. ಸಾಲಾರ್ ಜಂಗ್‌ನಲ್ಲಿ ಗಂಟೆಗೊಮ್ಮೆ ಪುಟ್ಟ ಬೊಂಬೆ ಹೊರಗೆ ಬಂದು ಗಂಟೆ ಬಾರಿಸೋ ಗಡಿಯಾರ ಇದೆ. 12 ಹೊಡೆಯೋದನ್ನ ನೋಡೋಕೆ ಎಲ್ಲರೂ ಅಲ್ಲೇ ಸೇರೋದರಿಂದ, 11ಕ್ಕೇ ನೋಡಿಬಿಟ್ಟು 12ರ ಹೊತ್ತಿಗೆ ಬೇರೆ ಕೋಣೆಗಳಲ್ಲಿರಿ. ಅವು ಆಗ ಖಾಲಿ ಇರ್ತವೆ.

ಚೆನ್ನೈದೂ ಇದೇ ಹಾಡು: ಎಗ್ಮೋರ್‌ನ ಸರ್ಕಾರಿ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತೆ, ಮಹಾಬಲಿಪುರದ ದಾರಿಯ ದಕ್ಷಿಣಚಿತ್ರ ಮಂಗಳವಾರ. ಹಾಗಾಗಿ ಅದೂ ಸೋಮವಾರದ ರಜೆಗೇ ಒಗ್ಗೋ ಊರು. ಕೊಚ್ಚಿಯದು ಇನ್ನೂ ತರಲೆ. ಮಟ್ಟಂಚೇರಿ ಅರಮನೆ ಶುಕ್ರವಾರ ಇಲ್ಲ, ಪಕ್ಕದ ಯಹೂದಿಗಳ ಪರದೇಸಿ ಸಿನಗಾಗ್ ಶನಿವಾರ ಇಲ್ಲ, ತೃಪ್ಪೂಣಿತ್ತುರದ ಹಿಲ್ ಪ್ಯಾಲೇಸ್ ಸೋಮವಾರ ಇಲ್ಲ. ಮೂರನ್ನೂ ನೋಡೋ ಆಸೆ ಇದ್ರೆ ಭಾನುವಾರವನ್ನ ಮಟ್ಟಂಚೇರಿಗೆ ಕಟ್ಟಿಡಬೇಕು, ಹಿಲ್ ಪ್ಯಾಲೇಸ್ ಶನಿವಾರಕ್ಕೆ.

ಹಾಗಾದ್ರೆ ಶುಕ್ರವಾರದ ರಜೆಗೆ ಎಲ್ಲಿಗೆ? ನನ್ನನ್ನ ಕೇಳಿದ್ರೆ ವಿಜಯಪುರ. ಬೆಂಗಳೂರಿನವರು ಆ ಊರನ್ನ ಶಾಲಾ ಪ್ರವಾಸಕ್ಕೆ ಬಿಟ್ಟುಕೊಟ್ಟಿರೋದು ಅನ್ಯಾಯ. ಗೋಲಗುಮ್ಮಟ ಎಲ್ಲ ದಿನ ತೆರೆದಿರುತ್ತೆ. ಶುಕ್ರವಾರ ಮುಚ್ಚೋದು ಅದರ ಎದುರಿನ ಮ್ಯೂಸಿಯಂ ಮಾತ್ರ. ಶುಕ್ರವಾರ ಇಬ್ರಾಹಿಂ ರೋಜಾ, ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪು ನೋಡ್ಕೊಳ್ಳಿ. ಗುಮ್ಮಟವನ್ನ ಶನಿವಾರ ಬೆಳಗಿನ ಜಾವಕ್ಕೆ ಇಟ್ಕೊಳ್ಳಿ, ಬಾಗಿಲು ತೆರೆಯುತ್ತಲೇ ಒಳಗಿರಬೇಕು. ಮೂಲೆಯ ಏಳಂತಸ್ತಿನ ಗೋಪುರದ ಕಡಿದಾದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಮೊಗಸಾಲೆಗೆ ಹೋದ್ರೆ, ಗೋಡೆಗೆ ಬಾಯಿಟ್ಟು ಆಡಿದ ಮೆಲುಮಾತು ಎದುರು ಬದಿಯಲ್ಲಿ ನಿಂತವರ ಕಿವಿಗೆ ಮುಟ್ಟುತ್ತೆ. ಹತ್ತು ಗಂಟೆಯ ಮೇಲೆ ಹೋದ್ರೆ ಬರೀ ಕೂಗಾಟ, ಶಿಳ್ಳೆ. ಯಾರ ಮಾತೂ ಯಾರಿಗೂ ಕೇಳಲ್ಲ. ಮಧ್ಯಾಹ್ನಕ್ಕೆ ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ. ಮೇ 1ರ ರಜೆಗೆ ಮಾತ್ರ ಈ ಊರು ಬೇಡ, ಆ ಬಿಸಿಲು ತಡೆಯೋಕಾಗಲ್ಲ.

ಮೈಸೂರು ಕೈಗೆಟುಕುವ ದೂರದಲ್ಲಿದೆ, ಅದೇ ಅದರ ತೊಂದರೆ. ಮೃಗಾಲಯಕ್ಕೆ ಮಂಗಳವಾರ ವಾರದ ರಜೆ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸಾರ್ವಜನಿಕ ರಜೆಯ ಸಂಜೆ ಇರೋದರಿಂದ, ಶುಕ್ರವಾರ ರಜೆ ಬಂದ್ರೆ ಅದನ್ನ ಶುಕ್ರವಾರವೇ ನೋಡಿ ಭಾನುವಾರದ ಗಲಾಟೆ ತಪ್ಪಿಸ್ಕೊಳ್ಳಬಹುದು.

ರೈಲು ಟಿಕೆಟ್‌ನಲ್ಲಿ ಜನ ಸೋಲೋದು ಹೋಗುವಾಗಲ್ಲ, ಬರುವಾಗ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಬೆಳಿಗ್ಗೆ 8ಕ್ಕೆ ತೆರೆಯುತ್ತೆ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸೋ ಕೆಲಸವನ್ನ ಮೊದಲೇ ಮುಗಿಸಿಟ್ಟಿರಿ, ಆ ಹೊತ್ತಲ್ಲಿ ಒಟಿಪಿ ಕಾಯ್ತಾ ಕೂತ್ರೆ ಸೀಟು ಹೋಗಿರುತ್ತೆ. ಅಕ್ಟೋಬರ್ 1ರ ಗುರುವಾರ ರಾತ್ರಿ ಹೊರಡೋ ರೈಲು ಆಗಸ್ಟ್ 2, ಭಾನುವಾರ ತೆರೆಯುತ್ತೆ. ಅಕ್ಟೋಬರ್ 4ರ ಭಾನುವಾರ ರಾತ್ರಿ ವಾಪಸ್ ಬರೋದು ಆಗಸ್ಟ್ 5, ಬುಧವಾರ. ಭಾನುವಾರ ಆರಾಮಾಗಿ ಕೂತು ಹೋಗೋ ಟಿಕೆಟ್ ಮಾಡಿದವರು ಬುಧವಾರ ಆಫೀಸಿನ ಗಡಿಬಿಡಿಯಲ್ಲಿ ಮರೀತಾರೆ. ಸಂಜೆ ನೋಡಿದ್ರೆ ವೇಟಿಂಗ್ ಲಿಸ್ಟ್. ಆ ವೇಟಿಂಗ್ ಲಿಸ್ಟಲ್ಲೂ ಜಾತಿ ಇದೆ, ಟಿಕೆಟ್ ಮೇಲಿನ ಸಂಕೇತಾಕ್ಷರ ನೋಡಿ. ರೈಲು ಹೊರಡೋ ಮೂಲ ನಿಲ್ದಾಣದಿಂದ ಸಿಗೋ ಜಿಎನ್‌ಡಬ್ಲ್ಯುಎಲ್ ಖಚಿತವಾಗೋ ಸಂಭವ ಹೆಚ್ಚು. ನಡುವಿನ ಊರಿಂದ ಸಿಗೋ ಆರ್‌ಎಲ್‌ಡಬ್ಲ್ಯುಎಲ್, ಪಿಕ್ಯುಡಬ್ಲ್ಯುಎಲ್ ಅಷ್ಟು ಸುಲಭಕ್ಕೆ ಸರಿಯಲ್ಲ. ಖಚಿತವಾಗದೆ ಸ್ಲೀಪರ್, ಎಸಿ ಬೋಗಿ ಹತ್ತೋ ಹಾಗಿಲ್ಲ.

ಇನ್ನೊಂದು ಸೂಕ್ಷ್ಮ: ಆ 60 ದಿನ ಎಣಿಸೋದು ರೈಲು ಮೂಲ ನಿಲ್ದಾಣ ಬಿಡೋ ತಾರೀಖಿನಿಂದ. ದೂರದಿಂದ ಹೊರಟು ನೀವು ಹತ್ತೋ ಊರನ್ನ ಮರುದಿನ ಮುಟ್ಟೋ ರೈಲಾದ್ರೆ, ನಿಮ್ಮ ಲೆಕ್ಕಕ್ಕಿಂತ ಒಂದು ದಿನ ಮುಂಚೆಯೇ ಬುಕಿಂಗ್ ತೆರೆದಿರುತ್ತೆ.

ದೀಪಾವಳಿ, ಯುಗಾದಿ, ಗಣೇಶನ ಹಬ್ಬಕ್ಕೆ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಮಂಗಳೂರು ಕಡೆಯ ರೈಲು ಬಸ್ಸು ಊರಿಗೆ ಹೋಗೋರಿಗೇ ಸಾಲಲ್ಲ. ಸುತ್ತೋಕೆ ಹೋಗೋರು ಆ ಕಡೆ ತಲೆ ಹಾಕದಿರೋದೇ ಮರ್ಯಾದೆ. ಬಸ್ಸೇ ಗತಿಯಾದ್ರೆ ಕೆಎಸ್‌ಆರ್‌ಟಿಸಿಯಲ್ಲಿ ಹೋಗೋದು ಬರೋದು ಒಟ್ಟಿಗೇ ಮಾಡ್ಸಿ, ಬರೋ ಟಿಕೆಟ್ ಮೇಲೆ ಶೇ. 10 ರಿಯಾಯಿತಿ, ನಾಲ್ಕು ಜನ ಅಥವಾ ಹೆಚ್ಚಿದ್ದು ಒಂದೇ ಟಿಕೆಟ್ ತಗೊಂಡ್ರೆ ಶೇ. 5.

ಗುರುವಾರ, ಶುಕ್ರವಾರ ಸಂಜೆಯ ಬೆಂಗಳೂರೇ ಇಡೀ ಪ್ರಯಾಣದ ಅತಿ ನಿಧಾನದ ಭಾಗ. ಹೈದರಾಬಾದ್ ಬಸ್ಸನ್ನ ಮಡಿವಾಳದಲ್ಲಿ ಹತ್ತಿದ್ರೆ ಹೆಬ್ಬಾಳ ದಾಟೋವಷ್ಟರಲ್ಲೇ ಅರ್ಧ ರಾತ್ರಿಯ ನಿದ್ದೆ ಹೋಯ್ತು. ಮೆಟ್ರೊದಲ್ಲಿ ಮೆಜೆಸ್ಟಿಕ್ಕಿಗೆ ಬಂದು ಅಲ್ಲಿಂದ ಹತ್ತಿ. ರೈಲಾದ್ರೆ ಟಿಕೆಟ್‌ನಲ್ಲಿ ನಿಲ್ದಾಣದ ಹೆಸರನ್ನ ಇನ್ನೊಮ್ಮೆ ಓದಿ: ಕೆಎಸ್‌ಆರ್ ಅಂದ್ರೆ ಮೆಜೆಸ್ಟಿಕ್, ಎಸ್‌ಎಂವಿಟಿ ಅಂದ್ರೆ ಬೈಯಪ್ಪನಹಳ್ಳಿ ಕಡೆಯ ಹೊಸ ಟರ್ಮಿನಲ್. ಎರಡನೆಯದು ಮೆಟ್ರೊ ನಿಲ್ದಾಣಕ್ಕೆ ಅಂಟಿಕೊಂಡಿಲ್ಲ, ಆಟೊ ಬೇಕು. ವಾಪಸ್ ಬರೋರಿಗೂ ಒಂದು ಮಾತು. 2025ರ ಜನವರಿಯಿಂದ ಮೆಟ್ರೊ ಬೆಳಿಗ್ಗೆ 4.15ಕ್ಕೇ ಶುರುವಾಗೋದು ಸೋಮವಾರ ಮಾತ್ರ. ಸೋಮವಾರ ರಜೆ ಮುಗಿಸಿ ಮಂಗಳವಾರ ನಸುಕಿಗೆ ಇಳಿದ್ರೆ ಅದು ಸಿಗಲ್ಲ.

ಕೋಣೆಗೆ ಒಂದೇ ಸೂತ್ರ. ಕೆಲಸದ ಮೇಲೆ ಬರೋರಿಂದ ವಾರಪೂರ್ತಿ ತುಂಬೋ ಬಡಾವಣೆಯಲ್ಲಿ ಹುಡುಕಿ. ಹೈದರಾಬಾದಿನ ಹೈಟೆಕ್ ಸಿಟಿ, ಚೆನ್ನೈನಲ್ಲಿ ಐಟಿ ಕಂಪನಿಗಳಿರೋ ಓಎಂಆರ್ ರಸ್ತೆಯ ಹೋಟೆಲುಗಳು ರಜೆಯಲ್ಲಿ ಖಾಲಿ ಹೊಡೀತವೆ, ಬಾಡಿಗೆ ಇಳಿಸ್ತವೆ. ಪುದುಚೇರಿ, ಮೈಸೂರಲ್ಲಿ ಇದರ ಉಲ್ಟಾ. ಹೈಟೆಕ್ ಸಿಟಿ ದೂರ ಅಂತ ಹೆದರಬೇಡಿ: ಮೆಟ್ರೊ ಹತ್ತಿ, ಅಮೀರ್‌ಪೇಟ್‌ನಲ್ಲಿ ಲೈನ್ ಬದಲಿಸಿ, ಎಂಜಿಬಿಎಸ್‌ನಲ್ಲಿ ಇಳಿದ್ರೆ ಸಾಲಾರ್ ಜಂಗ್‌ಗೆ ಆಟೊದಲ್ಲಿ ಸ್ವಲ್ಪವೇ ದೂರ.

ಕ್ರಿಸ್‌ಮಸ್‌ಗೆ ಹೊರಡೋರು ಇವೆರಡು ತಾರೀಖು ಈಗಲೇ ಫೋನಿಗೆ ಹಾಕ್ಕೊಳ್ಳಿ. ಡಿಸೆಂಬರ್ 24ರ ರಾತ್ರಿಯ ರೈಲಿಗೆ ಅಕ್ಟೋಬರ್ 25, ಭಾನುವಾರ. 27ರ ರಾತ್ರಿ ವಾಪಸ್ ಬರೋದಕ್ಕೆ ಅಕ್ಟೋಬರ್ 28, ಬುಧವಾರ. ಎರಡಕ್ಕೂ ಅಲಾರಂ 7.45ಕ್ಕೆ.