ರೇಂಜ್ ಜಾಯಿನ್: ಕೋಡ್ ಸುಲಭ, ಜಾಗದ ಲೆಕ್ಕ ಕಷ್ಟ

ಎಲ್ಲರಿಗೂ ನಮಸ್ಕಾರ. ನಿಮ್ಮ ಹತ್ತಿರ ಎರಡು ಟೇಬಲ್ ಇವೆ ಅಂದುಕೊಳ್ಳಿ. ಒಂದರಲ್ಲಿ ಜೀನ್‌ಗಳು, ಇನ್ನೊಂದರಲ್ಲಿ ಚಿಪ್-ಸೀಕ್ ಪೀಕ್‌ಗಳು, ಅಂದರೆ ಪ್ರೋಟೀನ್ ಡಿಎನ್ಎಗೆ ಅಂಟಿಕೊಂಡಿದೆ ಅಂತ ಪ್ರಯೋಗದಲ್ಲಿ ಕಂಡ ಜಾಗಗಳು. ಎರಡರಲ್ಲೂ ಕ್ರೋಮೋಸೋಮ್, ಸ್ಟಾರ್ಟ್, ಎಂಡ್ ಅನ್ನುವ ಕಾಲಂಗಳಿವೆ. ಯಾವ ಪೀಕ್ ಯಾವ ಜೀನ್ ಮೇಲೆ ಬಿದ್ದಿದೆ? ಸಮ ಇರುವ ಬೆಲೆಗಳನ್ನು ನೋಡಿ ಸಾಲು ಜೋಡಿಸುವ ಮಾಮೂಲಿ ಜಾಯಿನ್ ಇದಕ್ಕೆ ಉತ್ತರ ಕೊಡುವುದಿಲ್ಲ, ರೇಂಜ್ ಜಾಯಿನ್ ಬೇಕು. 1000ರಿಂದ 2000ದವರೆಗಿನ ಜೀನ್, 1990ರಿಂದ 2100ರವರೆಗಿನ ಪೀಕ್, ಇವೆರಡರಲ್ಲಿ ಒಂದು ಅಂಕಿಯೂ ಸಮ ಇಲ್ಲ, ಆದರೂ ಎರಡೂ ಒಂದರ ಮೇಲೊಂದು ಬಿದ್ದಿವೆ ಅಲ್ವಾ?

ಇದನ್ನು ಉಲ್ಟಾ ಯೋಚಿಸಿ. ಒಂದೇ ಕ್ರೋಮೋಸೋಮಿನ ಎರಡು ರೇಂಜ್ ತಾಗದೆ ಇರಲು ಎರಡೇ ದಾರಿ: ಮೊದಲನೆಯದು ಮುಗಿದ ಮೇಲೆ ಎರಡನೆಯದು ಶುರುವಾಗಬೇಕು, ಇಲ್ಲವೇ ಎರಡನೆಯದು ಮುಗಿದ ಮೇಲೆ ಮೊದಲನೆಯದು. ಎರಡೂ ಆಗದಿದ್ದರೆ ತಾಗಿವೆ. ಇಷ್ಟೇ ಷರತ್ತು.

ಆದರೆ 20,000 ಜೀನ್‌ಗೆ 1 ಲಕ್ಷ ಪೀಕ್ ಅಂದರೆ 200 ಕೋಟಿ ಹೋಲಿಕೆ. ಲೂಪ್ ಬರೆಯಬೇಡಿ. ಆರ್ ಭಾಷೆಯಲ್ಲಿ ಬಯೋಕಂಡಕ್ಟರ್ ಅನ್ನುವ ಜೀವಶಾಸ್ತ್ರದ ಪ್ಯಾಕೇಜ್ ಸಂಗ್ರಹದ ಜೀನೋಮಿಕ್‌ರೇಂಜಸ್ ಪ್ಯಾಕೇಜಿನ ಫೈಂಡ್‌ಓವರ್‌ಲ್ಯಾಪ್ಸ್ ಇದೆ, ಡೇಟಾ.ಟೇಬಲ್‌ನಲ್ಲಿ ಫೋವರ್‌ಲ್ಯಾಪ್ಸ್ ಇದೆ, 2023ರಲ್ಲಿ ಬಂದ ಡಿಪ್ಲೈರ್ 1.1.0ರಿಂದ ಜಾಯಿನ್ ಒಳಗೇ ಓವರ್‌ಲ್ಯಾಪ್ಸ್ ಅಂತ ಬರೆಯಬಹುದು. ಫೋವರ್‌ಲ್ಯಾಪ್ಸ್‌ಗೆ ಎರಡನೇ ಟೇಬಲ್‌ಗೆ ಕೀ (ಯಾವ ಕಾಲಂಗಳ ಮೇಲೆ ಹುಡುಕಬೇಕು ಅನ್ನುವ ಗುರುತು) ಹಾಕಿರಬೇಕು, ಆ ಕೀಯಲ್ಲಿ ಸ್ಟಾರ್ಟ್, ಎಂಡ್ ಕೊನೆಯಲ್ಲಿರಬೇಕು.

ಈಗ ನಿಜವಾದ ತೊಂದರೆಗೆ ಬರೋಣ. ಇಂಥ ಜಾಗಗಳ ಪಟ್ಟಿಯನ್ನು ಬೆಡ್, ಜಿಎಫ್ಎಫ್ ಅನ್ನುವ ಎರಡು ಬಗೆಯ ಫೈಲ್‌ಗಳಲ್ಲಿ ಇಡುತ್ತಾರೆ. ಬೆಡ್ ಫೈಲ್ ಸೊನ್ನೆಯಿಂದ ಎಣಿಸುತ್ತದೆ, ಎಂಡ್ ಅನ್ನು ಸೇರಿಸಿಕೊಳ್ಳುವುದಿಲ್ಲ. ಜಿಎಫ್ಎಫ್ ಒಂದರಿಂದ ಎಣಿಸುತ್ತದೆ, ಎಂಡ್ ಸೇರುತ್ತದೆ. ಕ್ರೋಮೋಸೋಮಿನ ಮೊದಲ 100 ಬೇಸ್ (ಡಿಎನ್ಎಯ ಅಕ್ಷರಗಳು) ಬೆಡ್‌ನಲ್ಲಿ 0–100, ಜಿಎಫ್ಎಫ್‌ನಲ್ಲಿ 1–100. ಈಗ ಬೆಡ್‌ನ 100–200 ಪೀಕನ್ನು ಹಾಗೇ ಜಿಎಫ್ಎಫ್‌ನ 1–100 ಜೀನ್ ಜೊತೆ ಜೋಡಿಸಿದರೆ ಪ್ರೋಗ್ರಾಂ ತಾಗಿದೆ ಅನ್ನುತ್ತದೆ, ಆದರೆ ಆ ಪೀಕ್ ಶುರುವಾಗುವುದೇ 101ನೇ ಬೇಸ್‌ನಿಂದ! ಎರರ್ ಬರುವುದಿಲ್ಲ, ಅದಕ್ಕೇ ನನಗೆ ಇದರ ಬಗ್ಗೆ ಭಯ ಜಾಸ್ತಿ. ಆರ್‌ಟ್ರ್ಯಾಕ್‌ಲೇಯರ್ ಪ್ಯಾಕೇಜಿನಿಂದ ಬೆಡ್ ಓದಿದರೆ ಅದೇ ಸರಿಮಾಡಿಕೊಡುತ್ತದೆ. ಸುಮ್ನೆ ಟೆಕ್ಸ್ಟ್ ಫೈಲ್ ತರಹ ಓದಿದರೆ ಸ್ಟಾರ್ಟ್‌ಗೆ ಒಂದು ಕೂಡಿಸುವುದು ನಿಮ್ಮ ಕೆಲಸ, ಆದರೆ ಸ್ಟಾರ್ಟ್, ಎಂಡ್ ಎರಡಕ್ಕೂ ಕೂಡಿಸಿ ಇನ್ನೊಂದು ಸಲ ಕೆಡಿಸಬೇಡಿ.

ಹೆಸರುಗಳೂ ನೋಡಿಕೊಳ್ಳಿ. ಒಂದು ಕಡೆ "ಸಿಎಚ್ಆರ್1", ಇನ್ನೊಂದು ಕಡೆ ಬರೀ "1" ಇದ್ದರೆ ಏನೂ ಸೇರುವುದಿಲ್ಲ. ಅದಾದರೂ ಕಣ್ಣಿಗೆ ಬೀಳುತ್ತದೆ. ಒಂದು ಫೈಲ್ ಮಾನವ ಜೀನೋಮಿನ ಹಳೆಯ ಆವೃತ್ತಿ ಜಿಆರ್‌ಸಿಎಚ್37, ಇನ್ನೊಂದು ಅದರ ನಂತರದ ಜಿಆರ್‌ಸಿಎಚ್38 ಆಗಿದ್ದರೆ ಸಾಲುಗಳು ಚೆನ್ನಾಗಿಯೇ ಸೇರುತ್ತವೆ, ಉತ್ತರ ಮಾತ್ರ ತಪ್ಪು. ಮೊದಲು ಲಿಫ್ಟ್‌ಓವರ್ ಮಾಡಿ, ಅಂದರೆ ಒಂದು ಆವೃತ್ತಿಯ ಅಂಕಿಗಳನ್ನು ಇನ್ನೊಂದರದ್ದಕ್ಕೆ ಬದಲಿಸಿ.

ಒಂದು ಪೀಕ್ ಮೂರು ಜೀನ್‌ಗೆ ತಾಗಿದರೆ ಮೂರು ಸಾಲು ಬರುತ್ತವೆ. ಆ ಸಾಲುಗಳನ್ನು ಎಣಿಸಿ "ಇಷ್ಟು ಪೀಕ್ ಸಿಕ್ಕಿದವು" ಅಂತ ಬರೆದರೆ ಲೆಕ್ಕ ಉಬ್ಬುತ್ತದೆ. ಜಾಯಿನ್‌ಗೆ ಮೊದಲೇ ಪ್ರತಿ ಪೀಕ್‌ಗೂ ಒಂದು ಐಡಿ ಕೊಡಿ, ಆಮೇಲೆ ಬೇರೆ ಬೇರೆ ಐಡಿ ಎಷ್ಟಿವೆ ಅಂತ ಎಣಿಸಿ. ಒಂದೇ ಬೇಸ್ ತಾಗಿದರೂ ಸಾಕಾ, ಪೀಕ್ ಪೂರ್ತಿ ಜೀನ್ ಒಳಗೇ ಇರಬೇಕಾ ಅನ್ನುವುದನ್ನೂ ಆಗಲೇ ತೀರ್ಮಾನಿಸಿ. ಫೈಂಡ್‌ಓವರ್‌ಲ್ಯಾಪ್ಸ್, ಫೋವರ್‌ಲ್ಯಾಪ್ಸ್ ಎರಡರಲ್ಲೂ ಟೈಪ್ ಅನ್ನುವಲ್ಲಿ ಮೊದಲನೆಯದಕ್ಕೆ "ಎನಿ", ಎರಡನೆಯದಕ್ಕೆ "ವಿದಿನ್".

ಇನ್ನೊಂದು ವಿಷಯ, ಸ್ಟ್ರಾಂಡ್, ಅಂದರೆ ಡಿಎನ್ಎಯ ಎರಡು ಎಳೆಗಳಲ್ಲಿ ಯಾವುದು ಅನ್ನುವುದು. ಫೈಂಡ್‌ಓವರ್‌ಲ್ಯಾಪ್ಸ್ ಪ್ಲಸ್ ಮತ್ತು ಮೈನಸ್ ಎಳೆಗಳನ್ನು ಬೇರೆ ಬೇರೆ ಅಂತಲೇ ನೋಡುತ್ತದೆ. ನಕ್ಷತ್ರ ಗುರುತಿದ್ದರೆ ಎರಡಕ್ಕೂ ಸೇರುತ್ತದೆ. ಸ್ಟ್ರಾಂಡ್ ಬೇಡವಾದರೆ ಇಗ್ನೋರ್.ಸ್ಟ್ರಾಂಡ್ ಅನ್ನು ಟ್ರೂ ಮಾಡಿ. ಫೋವರ್‌ಲ್ಯಾಪ್ಸ್‌ಗೆ ಸ್ಟ್ರಾಂಡ್ ಅಂದರೇನು ಅಂತಲೇ ಗೊತ್ತಿಲ್ಲ, ಬೇಕಿದ್ದರೆ ಕೀಯಲ್ಲಿ ಕ್ರೋಮೋಸೋಮ್ ಪಕ್ಕದಲ್ಲಿ ನೀವೇ ಸೇರಿಸಬೇಕು.